ಜವಳದ ನಂಟು

ಮೊಮ್ಮಗನ ಜವಳದ ದಿನ, ಅವನದೇ ಮನೆಯ ಹಿತ್ತಲಲ್ಲಿ, ಅವನದೇ ನೆಂಟರಿಷ್ಟರ ಎದುರು ಒಬ್ಬ ಮಾಜಿ ಪ್ರಧಾನಮಂತ್ರಿಯನ್ನು ಯಾರಾದರೂ ಬೈಯುತ್ತಾರೆಯೇ? ವಿಜಯಶ್ರೀ ಬೈದಳು. ಕಾರಣ ಸಣ್ಣದೇನಲ್ಲ. ಮನುಷ್ಯ ಹಾರ್ಟ್ ಅಟ್ಯಾಕ್ ಆಗಿ ಬದುಕಿ ಉಳಿದವನು. ಉಪ್ಪು ಮುಟ್ಟಬೇಡ ಎಂದು ಹೃದಯದ ಡಾಕ್ಟರಾದ ಅವಳೇ ಸಾರಿ ಸಾರಿ ಹೇಳಿದ್ದಳು. ಈಗ ನೋಡಿದರೆ ತಟ್ಟೆಯ ತುಂಬ ಉಪ್ಪು ಸವರಿ ಒಣಗಿಸಿದ ಮಾಂಸ, ಉಪ್ಪುನೀರಿನಲ್ಲಿ ನೆನೆಸಿದ ಚೀಸು ಇಟ್ಟುಕೊಂಡು ಮದುಮಗನ ಹಾಗೆ ಮೆರೆಯುತ್ತ ಕೂತಿದ್ದ.

"ಪ್ರಧಾನಿಗಳ, ಆ ತಾಟು ಕೆಳಗ ಇಡ್ರಿ. ನಿಮ್ಮ ಎದಿ ರಿಪೇರಿ ಮಾಡಿದಾಕಿ ನಾನು. ಅದನ್ನ ಕೆಡಸಾಕ ನಿಮಗ ಹಕ್ಕಿಲ್ಲ."

ಇದನ್ನು ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಆದರೆ ಅಟ್ಲಾಂಟಾದಲ್ಲಿ ಓದಿ, ಆಮೇಲೆ ಇಷ್ಟು ವರ್ಷ ವರ್ಜೀನಿಯಾದಲ್ಲಿ ದುಡಿದರೂ ವಿಜಯಶ್ರೀಯ ಇಂಗ್ಲಿಷು ಬಾಗಲಕೋಟೆಯ ಧಾಟಿಯನ್ನು ಬಿಟ್ಟಿರಲಿಲ್ಲ. ಹಾಗಾಗಿ ನಾವು ಅದನ್ನು ಹೀಗೆ ಕೇಳಿಸಿಕೊಳ್ಳುವುದೇ ಸರಿ. ಮುದುಕ ತಟ್ಟೆ ಕೆಳಗಿಟ್ಟ. ಸಂಸತ್ತಿನಲ್ಲಿ ಮೇಜು ಗುದ್ದಿ ಎದುರಾಳಿಗಳ ಬಾಯಿ ಮುಚ್ಚಿಸಿದವನು ತುಟಿಪಿಟಕ್ಕೆನ್ನದೆ ಇಟ್ಟ.

ಅವನ ಹೆಸರು ವೆಲಿಮಿರ್ ರಾಶೆತಾ. ಬಾಲ್ಕನ್ ಬೆಟ್ಟಗಳಿಗೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ಒಂದು ಪುಟ್ಟ ದೇಶಕ್ಕೆ ಪ್ರಧಾನಮಂತ್ರಿಯಾಗಿದ್ದವನು. ದೇಶದ ಹೆಸರು ಬೇಡ ಬಿಡಿ. ಅಲ್ಲಿಯವರೂ ನಮ್ಮವರಷ್ಟೇ ಮುಂಗೋಪಿಗಳು, ಯಾರಾದರೂ ಓದಿ ಜಗಳಕ್ಕೆ ಬಂದಾರು. ನಮ್ಮ ಒಂದು ಜಿಲ್ಲೆಯಷ್ಟು ಜನ ಅಲ್ಲಿಲ್ಲ, ಪಕ್ಷಗಳು ಮಾತ್ರ ಇಡೀ ರಾಜ್ಯಕ್ಕೆ ಸಾಲುವಷ್ಟಿವೆ. ಕುರ್ಚಿ ಹೋದ ಮೇಲೆ ಆತ ವಾಷಿಂಗ್ಟನ್ನಿನ ಒಂದು ಸಂಸ್ಥೆಯಲ್ಲಿ ಭಾಷಣ ಮಾಡುವ, ವರದಿ ಬರೆಯುವ ಕೆಲಸ ಹಿಡಿದು, ಮಗಳು ಮಿಲೆನಾಳ ಮನೆಗೆ ಬಂದು ಇಳಿದುಕೊಂಡಿದ್ದ. ಮಿಲೆನಾಳ ಗಂಡ ಹಡಗಿನ ಇಂಜಿನಿಯರ್, ವರ್ಷದಲ್ಲಿ ಅರ್ಧ ಸಮುದ್ರದ ಮೇಲೆಯೇ. ಮಿಲೆನಾಳ ಪಕ್ಕದ ಮನೆಯೇ ವಿಜಯಶ್ರೀ ಮತ್ತು ಅವಳ ಗಂಡ ಸಿದ್ಧಲಿಂಗೇಶನದು.

ಎರಡು ಸಾವಿರದ ಇಪ್ಪತ್ತೊಂದರ ಚಳಿಗಾಲ. ಕೋವಿಡ್ ಎಂದು ಎಲ್ಲರೂ ಮನೆಯೊಳಗೆ ಕೂತಿದ್ದಾಗ ರಾಶೆತಾ ಡ್ರೈವ್‌ವೇ ಮೇಲಿನ ಹಿಮ ಎತ್ತಲು ಸಲಿಕೆ ಹಿಡಿದು ಹೊರಗೆ ಬಂದ. ಬಸುರಿ ಮಗಳು ಬೇಡವೆಂದರೂ ಕೇಳಲಿಲ್ಲ. ಅರ್ಧ ಎತ್ತುವಷ್ಟರಲ್ಲಿ ಹಿಮದ ಮೇಲೆಯೇ ಕವುಚಿ ಬಿದ್ದ. ಅಡುಗೆಮನೆಯ ಕಿಟಕಿಯಿಂದ ನೋಡಿದ ವಿಜಯಶ್ರೀ ಚಪ್ಪಲಿಯನ್ನೂ ಹಾಕದೆ ಓಡಿದಳು. ಆಂಬುಲೆನ್ಸ್ ಬರುವವರೆಗೂ ಅವನ ಎದೆ ಒತ್ತಿದಳು. ಆಮೇಲೆ ತನ್ನ ಆಸ್ಪತ್ರೆಯಲ್ಲೇ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಬದುಕಿಸಿಕೊಂಡಳು. ಕಣ್ಣು ಬಿಟ್ಟ ಮುದುಕನಿಗೆ ಅವಳು ಆಡಿದ ಮೊದಲ ಮಾತು, "ಸಲಿಕಿ ಹಿಡಿಯೋ ವಯಸ್ಸೇನ್ರಿ ಇದು?"

ಅಂದಿನಿಂದ ಎರಡೂ ಮನೆಗಳ ನಡುವೆ ಪಾತ್ರೆ ಪಗಡ ಓಡಾಡತೊಡಗಿದವು. ಆ ವಸಂತದಲ್ಲಿ ಮಿಲೆನಾಳಿಗೆ ಗಂಡುಮಗು ಹುಟ್ಟಿತು, ಲೂಕಾ. ವಿಜಯಶ್ರೀಗೆ ಮಕ್ಕಳಿಲ್ಲ. ಅದನ್ನವಳು ಎಲ್ಲಿಯೂ ಹೇಳಿಕೊಂಡು ತಿರುಗಿದವಳಲ್ಲ, ಯಾರಾದರೂ ಕನಿಕರ ತೋರಿಸಿದರೆ ಅಲ್ಲೇ ಬಾಯಿ ಮುಚ್ಚಿಸುವವಳು. ಆದರೆ ಲೂಕಾ ಅಂಬೆಗಾಲಿಡುತ್ತ ಬಂದು ಅವಳ ಸೆರಗು ಹಿಡಿದ ದಿನ ಅವಳ ಜೀವ ಆ ಕೂಸಿನ ಮೇಲೆ ಕೂತುಬಿಟ್ಟಿತು.

ಮರುವರ್ಷ ಒಂದು ಸಂಜೆ ರಾಶೆತಾ ಸೂಟು ಹಾಕಿಕೊಂಡು ಬಂದು, ತಲೆ ಬಾಗಿಸಿ, ಬಹಳ ಗಂಭೀರವಾಗಿ ಕೇಳಿದ. "ನನ್ನ ಮೊಮ್ಮಗನ ಮೊದಲ ಕೂದಲಿಗೆ ನೀವು ಕತ್ತರಿ ಹಾಕಬೇಕು."

"ಓ, ಜವಳ!" ಎಂದಳು ವಿಜಯಶ್ರೀ. "ಅದಕ್ಯಾಕ ಇಷ್ಟು ಸೂಟು ಬೂಟು? ನಮ್ಮ ಕಡೆನೂ ಮಾಡ್ತಾರ. ಸೋದರಮಾವ ಕತ್ತರಿ ಹಾಕಬೇಕು. ಮಿಲೆನಾಗ ಅಣ್ಣತಮ್ಮರಿಲ್ಲ ಅಲ್ಲ, ನಾನ ಹಾಕ್ತೀನಿ ತಗೋರಿ."

ಬೇರೆ ಯಾರೇ ಆಗಿದ್ದರೂ, ಇದೇನು ಪದ್ಧತಿ, ಇದರ ಅರ್ಥವೇನು ಎಂದು ಕೇಳುತ್ತಿದ್ದರು. ಜವಳ ಗೊತ್ತಿದ್ದವರೇ ಈ ತಪ್ಪು ಮಾಡಲು ಸಾಧ್ಯ. ಮುದುಕನ ಕಣ್ಣಿನಲ್ಲಿ ನೀರಾಡಿದ್ದನ್ನು ನೋಡಿಯೂ ಅವಳಿಗೆ ಅನುಮಾನ ಬರಲಿಲ್ಲ. ವಯಸ್ಸಾಗಿದೆ ಪಾಪ, ಎಂದುಕೊಂಡಳು. ಮಗುವಿಗೆ ಜರಿಯ ಅಂಗಿ, ಮಿಲೆನಾಳಿಗೆ ಇಳಕಲ್ ಸೀರೆ ತೆಗೆದುಕೊಂಡು ಹೋದಳು, ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಚಿನ್ನದಂಥ ಕೂದಲನ್ನು ನಾಲ್ಕು ಕಡೆ ಕತ್ತರಿಸಿ ತಟ್ಟೆಗೆ ಹಾಕಿದಳು. ನೆರೆದವರೆಲ್ಲ ಎದ್ದು ನಿಂತರು. ರಾಶೆತಾ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು ಗಟ್ಟಿಯಾಗಿ ಏನೋ ಹೇಳಿದ. ಹೆಂಗಸರು ಕಣ್ಣೊರೆಸಿಕೊಂಡರು. ಉಪ್ಪಿನ ತಟ್ಟೆಯ ಜಗಳ ನಡೆದದ್ದು ಇದಾದ ಮೇಲೆ.

ಅಪ್ಪ ಏನು ಹೇಳಿದ ಎನ್ನುವುದನ್ನು ಮಿಲೆನಾ ಆಮೇಲೆ ಬಿಡಿಸಿ ಹೇಳಿದಳು. ಅವರ ಬೆಟ್ಟಗಳಲ್ಲಿ ಮಗುವಿನ ಮೊದಲ ಕೂದಲು ಕತ್ತರಿಸಿದವರು ಆ ಮನೆಗೆ ಕುಮ್ ಆಗುತ್ತಾರೆ, ಹೆಣ್ಣಾದರೆ ಕುಮಾ. ಧರ್ಮ ಬೇರೆಯಾದರೂ ಪರವಾಗಿಲ್ಲ, ಹಗೆತನವಿದ್ದ ಮನೆಗಳು ರಾಜಿಯಾಗುತ್ತಿದ್ದದ್ದೂ ಹೀಗೆಯೇ. ಕುಮ್ ಅಂದರೆ ರಕ್ತಸಂಬಂಧಕ್ಕಿಂತ ಒಂದು ಗುಲಗಂಜಿ ಹೆಚ್ಚು. ಅಣ್ಣತಮ್ಮಂದಿರು ಬೇರೆಯಾಗಬಹುದು, ಗಂಡ ಹೆಂಡತಿ ಬಿಡಬಹುದು, ಕುಮ್ ಮಾತ್ರ ಸಾಯುವ ತನಕ ಕುಮ್. ಕುಮ್ ಬಂದು ಕೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ.

"ಅಯ್ಯ ಶಿವನ!" ಎಂದ ಸಿದ್ಧಲಿಂಗೇಶ ರಾತ್ರಿ ಊಟಕ್ಕೆ ಕೂತಾಗ. "ಒಂದು ಕತ್ತರಿ ಹಾಕಿ ದೊಡ್ಡ ಸಂಬಂಧ ಮಾಡಿಬಿಟ್ಯಲ್ಲ ನೀ! ಪಿ.ಎಂ. ಸಾಹೇಬ್ರು ಈಗ ನಮ್ಮ ಬೀಗರು ಇದ್ದಂಗ." ಮುಂದಿನ ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಅವನು ಇದನ್ನು ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ. ಫೋರ್ಟ್ ಮಿಲ್ ಎಂಬ ಊರಿನಿಂದ ಮನೆಗೆ ಬಂದಿದ್ದ ಅವನ ಅಣ್ಣನಂತೂ ಪಕ್ಕದ ಮನೆಯ ಪ್ರಧಾನಿಯ ಜೊತೆ ಫೋಟೊ ತೆಗೆಸಿಕೊಂಡೇ ಕಾರು ಹತ್ತಿದ.

ವಿಜಯಶ್ರೀಗೆ ಸಂಬಂಧದ ಭಾರ ಎಷ್ಟು ಎಂದು ತಿಳಿದದ್ದು ರಾಶೆತಾನ ಕಥೆಯಿಂದ. ಸಂಜೆ ಅವನನ್ನು ವಾಕಿಂಗ್‌ಗೆ ಎಳೆದುಕೊಂಡು ಹೋಗುವುದು ಅವಳ ರೂಢಿ. ನಡೆಯುತ್ತ ಆತ ತನ್ನ ಬದುಕನ್ನು ಹೇಳುತ್ತಿದ್ದ.

ದೋಣಿ ನಡೆಸುವವನ ಮಗ ಆತ. ಕಾನೂನು ಓದಿದ. ಹಳೆಯ ಸರ್ಕಾರದ ವಿರುದ್ಧ ಕರಪತ್ರ ಹಂಚಿ ಜೈಲು ಸೇರಿದ. ಜೈಲಿನಲ್ಲಿ ಅವನ ಪಕ್ಕದ ಹಾಸಿಗೆ ಬಾಲ್ಯದ ಗೆಳೆಯ ಬೋಜಿದಾರ್‌ನದು. ಹೊರಗೆ ಬಂದು ಮದುವೆಯಾದಾಗ ಸಾಕ್ಷಿಯಾಗಿ ಪಕ್ಕದಲ್ಲಿ ನಿಂತು, ಅವರ ಪದ್ಧತಿಯಂತೆ ಕುಮ್ ಆದವನು ಬೋಜಿದಾರ್, ಮಿಲೆನಾಳ ಮೊದಲ ಕೂದಲಿಗೆ ಕತ್ತರಿ ಹಾಕಿದವನೂ ಅವನೇ. ತೊಂಬತ್ತರ ದಶಕದಲ್ಲಿ ಸುತ್ತಲೂ ಯುದ್ಧ ಹತ್ತಿ ಉರಿಯುವಾಗ ರಾಶೆತಾ ಬಂದರಿನ ಊರಿಗೆ ಮೇಯರ್ ಆಗಿದ್ದ. ಓಡಿ ಬಂದವರನ್ನು ನೀವು ಯಾವ ದೇವರಿಗೆ ಕೈಮುಗಿಯುವವರು ಎಂದು ಕೇಳದೆ ಶಾಲೆಗಳ ಬಾಗಿಲು ತೆರೆಸಿದ. ಆ ಹೆಸರೇ ಅವನನ್ನು ಪ್ರಧಾನಿಯ ಕುರ್ಚಿಗೆ ಒಯ್ದದ್ದು. ಬೆಟ್ಟ ಕೊರೆಸಿ ಸುರಂಗದ ರಸ್ತೆ ಮಾಡಿಸಿದ. ಮುದುಕರ ಪಿಂಚಣಿ ತಿಂಗಳ ಮೊದಲ ದಿನವೇ ಕೈಗೆ ಬರುವಂತೆ ಮಾಡಿದ. ಬೋಜಿದಾರ್‌ನನ್ನು ಬಂದರುಗಳ ಮಂತ್ರಿ ಮಾಡಿದ.

ಬೋಜಿದಾರ್ ಹೊಸ ಬಂದರಿನ ಗುತ್ತಿಗೆಯಲ್ಲಿ ಲಂಚ ತಿಂದ. ವಿಷಯ ರಾಶೆತಾನ ಮೇಜಿಗೆ ಬಂದ ದಿನ ಬೋಜಿದಾರ್ ಮನೆಗೆ ಬಂದು, "ನಾನು ನಿನ್ನ ಕುಮ್, ಇದನ್ನು ಮುಚ್ಚಿಹಾಕು," ಎಂದು ಕೇಳಿದ. ರಾಶೆತಾ ಇಲ್ಲ ಎಂದ. ಮರುದಿನವೇ ವಿಷಯವನ್ನು ಕೋರ್ಟಿಗೆ ಒಪ್ಪಿಸಿದ. ಬೋಜಿದಾರ್ ಜೈಲಿಗೆ ಹೋದ. ದೇಶ ಭೇಷ್ ಅನ್ನುತ್ತದೆ ಎಂದುಕೊಂಡಿದ್ದ ರಾಶೆತಾನಿಗೆ ಆದದ್ದೇ ಬೇರೆ. ಲಂಚ ತಿಂದವನನ್ನು ಜನ ಮರೆತರು, ಕುಮ್‌ನನ್ನು ಹಿಡಿದುಕೊಟ್ಟವನನ್ನು ಮರೆಯಲಿಲ್ಲ. ಪೇಟೆಯಲ್ಲಿ ಮುದುಕಿಯರು ಮುಖ ತಿರುಗಿಸಿದರು. ಕುಮ್‌ನನ್ನೇ ಬಿಡದವನು ನಮ್ಮನ್ನು ಬಿಡುತ್ತಾನೆಯೇ ಎಂದು ಅವನ ಪಕ್ಷದವರೇ ಸೇರಿ ಅವನನ್ನು ಇಳಿಸಿದರು.

"ಇವತ್ತು ಕೇಳಿದರೂ ಹಾಗೇ ಮಾಡ್ತೀನಿ," ಎನ್ನುತ್ತಿದ್ದ ರಾಶೆತಾ, ಗದ್ದ ಮೇಲೆತ್ತಿ. ವಿಜಯಶ್ರೀಗೆ ಅವನು ಮೆಚ್ಚಿಕೆಯಾದದ್ದು ಇದಕ್ಕೇ. ಬಗ್ಗದ ಮನುಷ್ಯರನ್ನು ಕಂಡರೆ ಅವಳಿಗೆ ಪ್ರೀತಿ. ತಾನೂ ಬಗ್ಗುವವಳಲ್ಲ ಎಂಬ ಹೆಮ್ಮೆಯೂ ಇತ್ತು ಅನ್ನಿ.

ಹೀಗೆ ಇರುವಾಗ ಇಪ್ಪತ್ತನಾಲ್ಕರ ಬೇಸಿಗೆಯಲ್ಲಿ ಅವನ ದೇಶದ ಸರ್ಕಾರ ಬಿತ್ತು. ಶರತ್ಕಾಲಕ್ಕೆ ಚುನಾವಣೆ. ಅವನನ್ನು ಹೊರಗೆ ಹಾಕಿದ್ದ ಪಕ್ಷವೇ ಈಗ ಫೋನಿನ ಮೇಲೆ ಫೋನು ಮಾಡತೊಡಗಿತು. ಬೇರೆ ಯಾರ ಮುಖಕ್ಕೂ ಜನ ವೋಟು ಹಾಕುವುದಿಲ್ಲ, ಸುರಂಗದ ರಸ್ತೆಯ ಮುದುಕನೇ ಬರಬೇಕು ಎಂದು ಅವರಿಗೆ ಜ್ಞಾನೋದಯವಾಗಿತ್ತು. ರಾಶೆತಾ ಹತ್ತು ವರ್ಷ ಚಿಕ್ಕವನಾದ. ಕನ್ನಡಿಯ ಮುಂದೆ ನಿಂತು ಭಾಷಣ ಮಾಡುವುದೇನು, ಹಳೆಯ ಟೈಗಳನ್ನು ಇಸ್ತ್ರಿ ಮಾಡಿಸುವುದೇನು! ಒಂದೇ ಒಂದು ತೊಡಕಿತ್ತು. ಎದುರಾಳಿಗಳು ಟೀವಿಯಲ್ಲಿ, ಅವನ ಎದೆ ಕೆಟ್ಟಿದೆ, ಅರ್ಧದಲ್ಲೇ ಸಾಯುವವನಿಗೆ ಯಾಕೆ ವೋಟು ಎಂದು ಶುರು ಮಾಡಿದ್ದರು. ಅಮೆರಿಕದ ಹೃದಯದ ಡಾಕ್ಟರೊಬ್ಬರು ಈತ ಗಟ್ಟಿಯಾಗಿದ್ದಾನೆ ಎಂದು ಬರೆದುಕೊಟ್ಟರೆ ಅದನ್ನೇ ಟೀವಿಯಲ್ಲಿ ಹಿಡಿದು ತೋರಿಸಬಹುದು ಎಂದು ಪಕ್ಷದವರು ಕೇಳಿದ್ದರು.

ವಿಜಯಶ್ರೀ ಅವನ ಎದೆಯನ್ನು ಸ್ಕ್ಯಾನ್ ಮಾಡಿ ನೋಡಿದಳು. ಹೃದಯ ದೊಡ್ಡದಾಗಿ ಸಡಿಲಗೊಂಡಿತ್ತು. ರಕ್ತವನ್ನು ತಳ್ಳುವ ಬಲ ಕಾಲುಭಾಗವೂ ಉಳಿದಿರಲಿಲ್ಲ. ಔಷಧಿ, ನಡಿಗೆ, ಪಥ್ಯ, ಮಧ್ಯಾಹ್ನದ ನಿದ್ದೆ ಎಂದು ಸುಮ್ಮನಿದ್ದರೆ ಕೆಲವು ವರ್ಷ. ಊರೂರು ಸುತ್ತಿ, ಬೆಟ್ಟ ಹತ್ತಿ, ದಿನವೂ ಕೂಗಾಡಿದರೆ ಚುನಾವಣೆಯ ತನಕವೂ ಬಾಳುವುದು ಅನುಮಾನ. ಅವನಿಗೂ ಇದನ್ನೆಲ್ಲ ಆವತ್ತೇ ಬಿಡಿಸಿ ಹೇಳಿದಳು. ಆತ ತಲೆಯಾಡಿಸಿದ, ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಅದೇ ವಾರದ ಕೊನೆಗೆ, ಬೆಳಗಿನ ಚಹಾದ ಹೊತ್ತಿಗೆ, ರಾಶೆತಾ ಮತ್ತೆ ಸೂಟು ಹಾಕಿಕೊಂಡು ಮನೆಗೆ ಬಂದ. ಕೈಯಲ್ಲಿ ಮನೆಯಲ್ಲೇ ಇಳಿಸಿದ ಪ್ಲಮ್ ಹಣ್ಣಿನ ಸಾರಾಯಿಯ ಬಾಟಲಿ. ಸಿದ್ಧಲಿಂಗೇಶ ಹಿಗ್ಗಿ ಹೀರೇಕಾಯಿಯಾದ. "ಬರ್ರಿ ಬರ್ರಿ, ಸಾಹೇಬ್ರ! ಇನ್ನ ಮ್ಯಾಲೆ ನಿಮ್ಮನ್ನ ಕಾಣಬೇಕಂದ್ರ ಅಪಾಯಿಂಟ್‌ಮೆಂಟ್ ತಗೋಬೇಕಾಕ್ಕೈತೇನೋ!"

ರಾಶೆತಾ ನಕ್ಕು ಕೂತ. ವಿಜಯಶ್ರೀಯ ಕಡೆ ತಿರುಗಿದ. "ಕುಮಾ, ಮೂರು ಸಾಲು ಬರೆದುಕೊಡಿ ಸಾಕು. ನಾನು ಸಮರ್ಥ ಅಂತ."

"ನೀವು ಸಮರ್ಥ ಅಲ್ಲ."

"ಅದು ನನಗೂ ಗೊತ್ತು, ನಿಮಗೂ ಗೊತ್ತು. ಮೂರನೆಯವರಿಗೆ ಯಾಕೆ ಗೊತ್ತಾಗಬೇಕು? ನಾನು ಹಾಸಿಗೆಯಲ್ಲಿ ಸಾಯೋಕೆ ಹುಟ್ಟಿದವನಲ್ಲ. ನನ್ನ ಜನ ನನ್ನನ್ನು ಹೊರಗೆ ಹಾಕಿದ್ರು, ಈಗ ಅವರೇ ಕರೀತಿದಾರೆ. ಆ ಕಟ್ಟಡದ ಮೆಟ್ಟಿಲು ಒಂದು ಸಲ ಹತ್ತಿ ಸಾಯ್ತೀನಿ. ನನ್ನ ಜೀವ, ನನ್ನ ಇಷ್ಟ."

"ಜೀವ ನಿಮ್ದು, ಖರೇ. ಕೆಳಗಿನ ಸಹಿ ನಂದು. ನಾಲ್ಕು ವರ್ಷ ಆಳ್ತಾನಂತ ನಂಬಿ ಮಂದಿ ವೋಟು ಹಾಕ್ತಾರ. ಅವರಿಗೆ ನಾ ಸುಳ್ಳು ಹೇಳಂಗಿಲ್ಲ. ಮತ್ತ ನಿಮ್ಮನ್ನ ನನ್ನ ಕೈಯಾರೆ ಕೊಲ್ಲಂಗೂ ಇಲ್ಲ."

ರಾಶೆತಾ ಮುಂದಕ್ಕೆ ಬಾಗಿದ. ದನಿ ತಗ್ಗಿಸಿದ. ಸಂಸತ್ತಿನಲ್ಲಿ ಕೊನೆಯ ಅಸ್ತ್ರ ಬಿಡುವಾಗ ಹೀಗೇ ಮಾಡುತ್ತಿದ್ದನೇನೋ. "ವಿಜಯಶ್ರೀ, ನಾನು ಪೇಷಂಟ್ ಆಗಿ ಕೇಳ್ತಿಲ್ಲ. ಕುಮ್ ಆಗಿ ಕೇಳ್ತಿದೀನಿ. ಕುಮ್ ಕೇಳಿದ್ದಕ್ಕೆ ಕುಮ್ ಇಲ್ಲ ಅನ್ನಲ್ಲ."

"ಬೋಜಿದಾರ್ ಕೇಳಿದಾಗ ನೀವ್ ಏನಂದ್ರಿ?"

ರಾಶೆತಾ ಎದ್ದ. ಕೋಟಿನ ಗುಂಡಿ ಹಾಕಿಕೊಂಡ. ಬಾಗಿಲು ತನ್ನ ಹಿಂದೆ ಮೆಲ್ಲನೆ, ಬಹಳ ಮರ್ಯಾದೆಯಿಂದ ಮುಚ್ಚಿಕೊಂಡು ಹೋದ. ಧಡಾರನೆ ಹಾಕಿಕೊಂಡು ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ವಿಜಯಶ್ರೀಗೆ.

"ಏನ್ ಹೆಂಗಸಿದಿ ನೀ!" ಎಂದ ಸಿದ್ಧಲಿಂಗೇಶ. "ಮನಿಗೆ ಬಂದವರಿಗೆ ಹಿಂಗ ಎದಿಗೆ ಒದ್ದಂಗ ಮಾತಾಡ್ತಾರೇನು? ಮೂರು ಸಾಲು ಬರಕೊಟ್ಟಿದ್ರ ನಿನ್ನ ಗಂಟೇನು ಹೋಗ್ತಿತ್ತು?"

"ಬರಕೊಟ್ಟಿದ್ರ ಅಂವಾ ಸಾಯ್ತಿದ್ದನ್ರಿ. ಯಾವುದೋ ಗುಡ್ಡದ ಊರಾಗ, ಸ್ಟೇಜ್ ಮ್ಯಾಲೆ, ಮೈಕ್ ಹಿಡಕೊಂಡು. ಆಗ ನೀವ ಬಂದು ಎದಿ ಒತ್ತತಿದ್ರೇನು?"

ಅಷ್ಟು ಹೇಳಿ ಅವಳು ಗರಾಜಿಗೆ ಹೋಗಿ ಕಾರಿನೊಳಗೆ ಕೂತು ಅತ್ತಳು. ತಪ್ಪು ಮಾಡಿದೆ ಎಂದಲ್ಲ. ತಪ್ಪು ಮಾಡಿಲ್ಲ ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಲೂಕಾ ದಿನವೂ ಮಧ್ಯಾಹ್ನ ಓಡಿ ಬಂದು ಫ್ರಿಜ್ ಬಾಗಿಲು ತೆಗೆಯುತ್ತಿದ್ದವನು ಆ ದಿನ ಬರಲಿಲ್ಲ. ಸಂಜೆಯ ವಾಕಿಂಗ್‌ಗೂ ಯಾರೂ ಬರಲಿಲ್ಲ. ಪಕ್ಕದ ಮನೆಯ ಕಿಟಕಿಗಳ ಪರದೆ ಎಳೆದಿತ್ತು. ಒಂದು ಇಲ್ಲ ಅನ್ನುವುದಕ್ಕೆ ಒಂದು ಮನೆಯೇ ಹೋಯಿತಲ್ಲ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಎದ್ದವಳೇ ಜೋಳದ ಹಿಟ್ಟು ನಾದಲು ಕೂತಳು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಸಿದ್ಧಲಿಂಗೇಶ ಎದ್ದು ಬಂದ.

"ಯಾರಿಗೆ ಇದು?"

"ಅವರಿಗೆ."

"ನಿನಗೇನು ತಲಿ ಕೆಟ್ಟೈತೇನು? ನಿನ್ನೆ ಹಂಗ ಅಂದು ಕಳಿಸಿ, ಇವತ್ತು ರೊಟ್ಟಿ ಹೊತಗೊಂಡು ಹೋಗ್ತಿ? ಸಿಟ್ಟು ಇಳೀಲಿ ತಡಿ. ಅವರ ಬಂದು ಮಾತಾಡಸ್ತಾರ."

"ನಾ ಯಾಕ ತಡೀಲಿ? ನಾ ಕಳವು ಮಾಡೀನೇನು ಮಾರಿ ಮುಚ್ಚಿಕೊಂಡು ಕೂಡ್ರಾಕ? ಇಲ್ಲ ಅಂದೀನಿ, ಅಷ್ಟ. ಅವರವ್ವ ಇದ್ರ ಆಕಿನೂ ಇಲ್ಲ ಅಂತಿದ್ಲು, ಆಮ್ಯಾಲೆ ಊಟಕ್ಕ ಕರೀತಿದ್ಲು."

ಉಪ್ಪಿಲ್ಲದ ಎಣಗಾಯಿ, ಬಿಸಿ ರೊಟ್ಟಿ, ಒಂದು ಡಬ್ಬಿ ಮೊಸರು ಹೊತ್ತು ಅವಳು ಹುಲ್ಲಿನ ಮೇಲೆ ದಾಪುಗಾಲು ಹಾಕಿಕೊಂಡು ಹೋದಳು. ಬೆಲ್ ಒತ್ತಿದಳು. ಬಾಗಿಲು ತೆಗೆದ ಮಿಲೆನಾಳ ಕಣ್ಣು ಊದಿಕೊಂಡಿದ್ದವು. ಒಳಗೆ ಬನ್ನಿ ಎನ್ನುವ ಮೊದಲೇ ವಿಜಯಶ್ರೀ ಒಳಗೆ ಬಂದಾಗಿತ್ತು.

ರಾಶೆತಾ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಕ್ಷೌರವಾಗಿರಲಿಲ್ಲ. ಮೇಜಿನ ಮೇಲೆ ಫೋನು ಗುಂಯ್‌ಗುಡುತ್ತಿತ್ತು, ಪಕ್ಷದವರದು, ಎತ್ತುತ್ತಿರಲಿಲ್ಲ. ಅವಳನ್ನು ನೋಡಿ ದಂಗಾದ. ಸಿಟ್ಟಿಗಿಂತ ಹೆಚ್ಚಾಗಿ ಅವನ ಮುಖದಲ್ಲಿ ಕಂಡದ್ದು ಆಶ್ಚರ್ಯ.

"ನೀವು ಯಾಕೆ ಬಂದ್ರಿ?"

"ಗುಳಿಗಿ ತಗೊಂಡೀರೋ ಇಲ್ಲೋ ನೋಡಾಕ."

"ನಿನ್ನೆ ನನಗೆ ಇಲ್ಲ ಅಂದವರು ನೀವು."

"ಹೌದು, ಇಲ್ಲ ಅಂದೆ. ಇವತ್ತು ಕೇಳಿದ್ರೂ ಅಂತೀನಿ, ನಾಳೆ ಕೇಳಿದ್ರೂ ಅಂತೀನಿ. ಆ ಕಾಗದಕ್ಕ ಇಲ್ಲ ಅಂದೆ, ನಿಮ್ಮನ್ನ ಎಲ್ಲಿ ಬ್ಯಾಡ ಅಂದೆ? ರೊಟ್ಟಿ ಆರಿ ಹೋಗ್ತಾವ, ತಿನ್ರಿ."

ತಟ್ಟೆ ತೆಗೆದು ಬಡಿಸಿಬಿಟ್ಟಳು. ರಾಶೆತಾ ರೊಟ್ಟಿಯನ್ನೇ ನೋಡುತ್ತ ಕೂತ. "ಹೀಗೂ ಮಾಡಬಹುದಾ?" ಎಂದು ಕೇಳಿದ, ಬಹಳ ಸಣ್ಣ ದನಿಯಲ್ಲಿ. "ಇಲ್ಲ ಅಂದು, ಮರುದಿನ ಮನೆಗೆ ಬರಬಹುದಾ?"

"ಬರದ ಮತ್ತೇನು? ಮನಿ ಅಂದ ಮ್ಯಾಲೆ?"

ಆಗ ಆ ಮನುಷ್ಯ, ಅಷ್ಟು ಸಂಜೆಗಳ ವಾಕಿಂಗ್‌ನಲ್ಲಿ ಒಮ್ಮೆಯೂ ಹೇಳದ ಒಂದು ಮಾತನ್ನು ಹೇಳಿದ. ಬೋಜಿದಾರ್‌ನನ್ನು ಇಟ್ಟಿದ್ದ ಜೈಲು ರಾಜಧಾನಿಯಿಂದ ಬಂದರಿಗೆ ಹೋಗುವ ರಸ್ತೆಯಲ್ಲೇ ಇತ್ತು. ಪ್ರಧಾನಿಯ ಕಾರು ಅದರ ಮುಂದೆಯೇ ಓಡಾಡುತ್ತಿತ್ತು. ಒಂದು ದಿನವೂ ನಿಲ್ಲಿಸಲಿಲ್ಲ. ಹೋದರೆ ಜನ ಏನನ್ನುತ್ತಾರೆ, ತನಿಖೆಯಲ್ಲಿ ಕೈಯಾಡಿಸುತ್ತಿದ್ದಾನೆ ಅನ್ನುತ್ತಾರೆ ಎಂದು ಮೊದಲು. ಕುರ್ಚಿ ಹೋದ ಮೇಲೆ ಯಾವ ಮುಖ ಹೊತ್ತು ಹೋಗಲಿ ಎಂದು. ಬೋಜಿದಾರ್‌ನ ಹೆಂಡತಿ ತೀರಿಕೊಂಡಾಗಲೂ ಹೋಗಲಿಲ್ಲ. "ಇಲ್ಲ ಅಂದದ್ದು ಸರಿ," ಎಂದ ರಾಶೆತಾ. "ಅದು ಸರಿ. ಅದಕ್ಕೇ ನನಗೆ ಇಷ್ಟು ವರ್ಷ ಗೊತ್ತಾಗ್ಲಿಲ್ಲ, ರಾತ್ರಿ ನಿದ್ದೆ ಯಾಕೆ ಬರಲ್ಲ ಅಂತ. ಇಲ್ಲ ಅಂದ ಮೇಲೆ ಸಂಬಂಧ ಮುಗೀತು ಅಂದ್ಕೊಂಡಿದ್ದೆ ನಾನು."

'ಬೋಜಿದಾರ್ ಕೇಳಿದಾಗ ಏನಂದ್ರಿ' ಎಂದು ಬಾಯಿಬಿಟ್ಟು ಕೇಳಿದ್ದು ಈಗ ವಿಜಯಶ್ರೀಯನ್ನು ಚುಚ್ಚಿತು. ಆದರೆ ಮರುಕಪಡುತ್ತ ಕೂರುವುದು ಅವಳ ಜಾಯಮಾನವಲ್ಲ.

"ಅಂವಾ ಈಗ ಎಲ್ಲಿ ಅದಾನ?"

ಉತ್ತರ ಕೊಟ್ಟವಳು ಮಿಲೆನಾ. ಶಿಕ್ಷೆ ಮುಗಿಸಿ ಹೊರಗೆ ಬಂದು ವರ್ಷಗಳೇ ಆದವು, ಬಂದರಿನ ಊರಿನಲ್ಲಿ ಒಬ್ಬನೇ ಇದ್ದಾನೆ, ತನಗೆ ಪ್ರತಿ ಹೊಸವರ್ಷಕ್ಕೆ ಫೋನ್ ಮಾಡುತ್ತಾನೆ. ಅಪ್ಪನಿಗೆ ಹೇಳಿರಲಿಲ್ಲ, ಹೇಳಲು ಧೈರ್ಯವಾಗಿರಲಿಲ್ಲ. ರಾಶೆತಾ ಮಗಳನ್ನು ನೋಡಿದ. ಮಗಳು ನೆಲ ನೋಡಿದಳು.

"ನಂಬರ್ ಐತಲ್ಲ?" ಎಂದಳು ವಿಜಯಶ್ರೀ. "ಹಚ್ಚವ್ವಾ."

"ಬೇಡ," ಎಂದ ರಾಶೆತಾ. "ನಾನು ಏನು ಹೇಳಲಿ? ಏನೂ ಸಿದ್ಧ ಮಾಡಿಕೊಂಡಿಲ್ಲ."

"ಇದೇನು ಸಂಸತ್ತಲ್ಲ. ಹಚ್ಚು ಮಿಲೆನಾ."

ಮಿಲೆನಾ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಅಲ್ಲಿ ಆಗ ಮಧ್ಯಾಹ್ನ. ಬಹಳ ಹೊತ್ತು ರಿಂಗ್ ಆಯಿತು. ಕೊನೆಗೆ ಒಂದು ಒರಟು ದನಿ ಏನೋ ಕೇಳಿತು. ರಾಶೆತಾ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದು ತನ್ನ ಹೆಸರು ಹೇಳಿದ. ವೆಲ್ಯೊ, ಎಂದ. ಹುಡುಗನಾಗಿದ್ದಾಗಿನ ಹೆಸರಿರಬೇಕು. ರಾಶೆತಾ ಬೇಗ ಬೇಗ ಏನೇನೋ ಹೇಳತೊಡಗಿದ. ಮಾತು ತಡವರಿಸಿತು, ತುಂಡಾಯಿತು. ಮಿಲೆನಾ ವಿಜಯಶ್ರೀಯ ಕಿವಿಯಲ್ಲಿ ಪಿಸುಗುಟ್ಟಿದಳು. "ಕ್ಷಮಿಸು ಅಂತಿದಾರೆ. ಕೋರ್ಟಿಗೆ ಕೊಟ್ಟಿದ್ದಕ್ಕಲ್ಲ. ಬರದೇ ಇದ್ದದ್ದಕ್ಕೆ."

ಆ ಕಡೆಯವನು ಒಂದೇ ಒಂದು ಮಾತು ಹೇಳಿದ. ರಾಶೆತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮಿಲೆನಾಳಿಗೂ ಅಳು ಬಂದು ವಿಜಯಶ್ರೀಗೆ ಹೇಳಲು ಸ್ವಲ್ಪ ಸಮಯ ಹಿಡಿಯಿತು.

"ಜೈಲಲ್ಲಿ ಇದ್ದವನು ನಾನು, ನಿನ್ನನ್ನ ಕಟ್ಟಿಹಾಕಿದ್ದು ಯಾರು ಅಂತ ಕೇಳಿದ್ರು."

ವಿಜಯಶ್ರೀ ಕಣ್ಣೊರೆಸಿಕೊಳ್ಳಲು ಸೆರಗಿಗೆ ಕೈ ಹಾಕಿದಳು. ಸೆರಗು ಇರಲಿಲ್ಲ, ದುಪಟ್ಟಾದ ಅಂಚಿನಿಂದಲೇ ಒರೆಸಿಕೊಂಡಳು. ಫೋನಿನಲ್ಲಿ ಇಬ್ಬರು ಮುದುಕರೂ ಈಗ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಿದ್ದರು. ಒಮ್ಮೆ ಜಗಳದ ಹಾಗೆ, ಒಮ್ಮೆ ನಗುವಿನ ಹಾಗೆ ಕೇಳುತ್ತಿತ್ತು. ಅದು ಮುಗಿಯುವುದರೊಳಗೆ ಲೂಕಾ ಎದ್ದು ಕಣ್ಣುಜ್ಜುತ್ತ ಬಂದು ವಿಜಯಶ್ರೀಯ ತೊಡೆ ಏರಿ ಕೂತು ರೊಟ್ಟಿ ಮುರಿದುಕೊಂಡು ತಿನ್ನತೊಡಗಿದ.

ಫೋನ್ ಇಟ್ಟ ಮೇಲೆ ರಾಶೆತಾ ಎದ್ದು ನಲ್ಲಿಯ ನೀರಿನಲ್ಲಿ ಮುಖ ತೊಳೆದುಕೊಂಡ. ಅಷ್ಟರಲ್ಲಿ ಪಕ್ಷದವರ ಫೋನು ಮತ್ತೆ ಬಂತು. ಈ ಸಲ ಎತ್ತಿದ. ಒಂದೆರಡು ವಾಕ್ಯ ಹೇಳಿದ. ಆ ಕಡೆಯವನು ಕಿರುಚಾಡುವುದು ವಿಜಯಶ್ರೀಗೂ ಕೇಳಿಸಿತು. ರಾಶೆತಾ ಅವನ ಕಿರುಚಾಟ ಮುಗಿಯುವವರೆಗೆ ಕಾಯದೆ ಕಟ್ ಮಾಡಿದ.

"ಏನಂದ್ರಿ ಅವರಿಗೆ?"

"ನನ್ನ ಡಾಕ್ಟರ್ ಇಲ್ಲ ಅಂದಿದಾರೆ, ಅವರು ನನ್ನ ಕುಮಾ ಕೂಡ, ಅವರ ಮಾತು ಮೀರೋ ಹಾಗಿಲ್ಲ ಅಂದೆ." ಆತ ಕುರ್ಚಿ ಎಳೆದು ಅವಳ ಎದುರಿಗೆ ಕೂತ. ಗದ್ದ ಮತ್ತೆ ಮೇಲೆದ್ದಿತ್ತು. "ಆದರೆ ನಾನು ಊರಿಗೆ ಹೋಗ್ಬೇಕು. ಚುನಾವಣೆಗೆ ಅಲ್ಲ. ಮೆಟ್ಟಿಲು ಹತ್ತಲ್ಲ, ಭಾಷಣ ಮಾಡಲ್ಲ. ಬೋಜಿದಾರ್‌ನನ್ನು ನೋಡಬೇಕು, ಅವನ ಮನೆ ನೆಲಮಹಡಿಯಲ್ಲೇ ಇದೆ. ಇದಕ್ಕೂ ಇಲ್ಲ ಅಂತೀರಾ?"

ವಿಜಯಶ್ರೀ ಯೋಚಿಸಿದಳು. ಡಾಕ್ಟರ್ ಆಗಿಯೇ ಯೋಚಿಸಿದಳು. ಒಂದು ರಾತ್ರಿಯ ವಿಮಾನ. ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿ. ಜೊತೆಗೆ ಮಿಲೆನಾ. ಗುಳಿಗೆಗಳ ಡಬ್ಬಿ ಕೈಚೀಲದಲ್ಲೇ. ನೀರು ಅಳತೆಯಲ್ಲಿ. ಆ ಸಡಿಲ ಎದೆ ಅಷ್ಟನ್ನು ತಡೆಯುತ್ತದೆ. ಹೋಗದೆ ಇಲ್ಲೇ ಕೂತರೆ ತಡೆಯುವುದೋ ಇಲ್ಲವೋ ಹೇಳಲು ಬರುವುದಿಲ್ಲ.

"ಒಂದು ಹಾಳಿ ಕೊಡು ಮಿಲೆನಾ," ಎಂದಳು.

ಲೂಕಾನನ್ನು ಒಂದು ತೊಡೆಗೆ ಸರಿಸಿ, ಅಲ್ಲಿಯೇ ಮೇಜಿನ ಮೇಲೆ, ಈ ಮನುಷ್ಯ ಪ್ರಯಾಣ ಮಾಡಲು ಸಮರ್ಥ ಎಂದು ಬರೆದು ಸಹಿ ಹಾಕಿದಳು. ರಾಶೆತಾ ಕೈ ಚಾಚಿದ. ಅವಳು ಕೊಡಲಿಲ್ಲ.

"ಮೊದಲ ವಾಪಸ್ ಬರೋ ಟಿಕೆಟ್ ಬುಕ್ ಮಾಡ್ರಿ," ಎಂದಳು. "ನವೆಂಬರದಾಗ ನಿಮ್ಮ ಚೆಕಪ್ ಐತಿ."